ಮೂಲೆ ಕತ್ತರಿಸಿದ ತುಂಡು

ಕಳೆದ ತಿಂಗಳು ಸೋಂಪುರದ ನನ್ನ ಹಳೆಯ ಕಾರ್ಖಾನೆಯಿಂದ ಫೋನು ಬಂತು. ಹೊಸದಾಗಿ ಸೇರಿದವರ ಮುಂದೆ ನಾನು ಇಪ್ಪತ್ತು ನಿಮಿಷ ಮಾತಾಡಬೇಕಂತೆ. "ಸಾರ್, ನಿಮ್ಮ ಸ್ವೀಟ್ ಮೆಮೊರೀಸ್ ಹೇಳಿದ್ರೆ ಸಾಕು. ನೆಗೆಟಿವ್ ಏನೂ ಬೇಡ. ಹೊಸಬ್ರು, ಹೆದರ್ಕೊಂಡ್ಬಿಡ್ತಾರೆ," ಎಂದಳು ಎಚ್‌ಆರ್ ವಿಭಾಗದ ಹೆಣ್ಣುಮಗಳು. ಅವಳ ತಪ್ಪಲ್ಲ, ಅವಳಿಗೆ ಹೇಳಿಕೊಟ್ಟದ್ದನ್ನು ಅವಳು ಹೇಳಿದಳು. ನಾನು ಹೋದೆ. ಅಲ್ಲಿ ಏನಾಯಿತೆಂದು ಕೊನೆಯಲ್ಲಿ ಬರೆಯುತ್ತೇನೆ. ಆ ಇಪ್ಪತ್ತು ನಿಮಿಷಕ್ಕೆ ಬೇಡವಾದದ್ದನ್ನೆಲ್ಲ ಮೊದಲು ಬರೆದುಬಿಡುತ್ತೇನೆ. ಹೆದರುವವರು ಹೆದರಲಿ. ಈ ಕೆಲಸಕ್ಕೆ ಸ್ವಲ್ಪ ಹೆದರಿಕೆ ಬೇಕು.

ನನ್ನ ಹೆಸರು ಗಂಗಾಧರಯ್ಯ, ಊರು ತ್ಯಾಮಗೊಂಡ್ಲು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಶಾಖ ತಡೆಯುವ ಫಲಕಗಳ ತಯಾರಿಕೆಯಲ್ಲಿ ದುಡಿದೆ. ಎರಡು ಬಣ್ಣದ ತಗಡು, ನಡುವೆ ಗಟ್ಟಿಯಾದ ನೊರೆ, ಅಷ್ಟೇ ಆ ಫಲಕ. ನೀವು ತಿನ್ನುವ ಐಸ್‌ಕ್ರೀಮು ಕರಗದೆ ಇರುವುದು, ದೇವನಹಳ್ಳಿ ಕಡೆಯ ಗುಲಾಬಿ ಬಾಡದೆ ವಿಮಾನ ಹತ್ತುವುದು, ತಗಡಿನ ಮಾಡಿನ ಕೆಳಗೆ ಮನುಷ್ಯರು ಬೇಯದೆ ಇರುವುದು, ಎಲ್ಲ ಆ ನೊರೆಯಿಂದ. ತಣ್ಣಗೆ ಮಾಡುವುದು ಯಂತ್ರ ಎಂದು ಜನ ತಿಳಿದಿದ್ದಾರೆ. ಯಂತ್ರ ಮಾಡಿದ್ದನ್ನು ಉಳಿಸಿಕೊಡುವುದು ಗೋಡೆ. ಗೋಡೆಯ ಒಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ, ತಗಡು ಹೊಳೆದರೆ ಸಾಕು. ಈ ಉದ್ಯೋಗದ ಕಳ್ಳತನವೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ನಾನು ಸೇರಿದಾಗ ನೊರೆ ಸುರಿಯುವುದು ಕೈಕೆಲಸ. ಒಂದು ಡ್ರಮ್ಮಿನಲ್ಲಿ ಜೇನಿನಂಥ ದ್ರವ, ಅದನ್ನು ನಾವು ಎಣ್ಣೆ ಎನ್ನುತ್ತಿದ್ದೆವು. ಇನ್ನೊಂದರಲ್ಲಿ ಕಾಫಿ ಡಿಕಾಕ್ಷನ್ನಿನ ಬಣ್ಣದ ದ್ರವ. ಎರಡನ್ನೂ ಬಕೆಟ್ಟಿಗೆ ಹಾಕಿ, ಡ್ರಿಲ್ಲಿಂಗ್ ಮೆಷಿನ್ನಿಗೆ ಸಿಕ್ಕಿಸಿದ ಕಬ್ಬಿಣದ ಮಂತಿನಿಂದ ಕಡೆದು, ಬಾಯಲ್ಲಿ ಎಣಿಸುತ್ತ ಅಚ್ಚಿಗೆ ಸುರಿಯಬೇಕು. ಹತ್ತು ಎಣಿಸುವಷ್ಟರಲ್ಲಿ ಬಿಳಚಿಕೊಳ್ಳುತ್ತದೆ, ಆಮೇಲೆ ಉಬ್ಬಲು ಶುರು. ತಡ ಮಾಡಿದರೆ ಬಕೆಟ್ಟಿನಲ್ಲೇ ಉಬ್ಬಿ ಕೂತುಬಿಡುತ್ತದೆ. ಈ ಕೆಲಸದ ಗುರು ಸಿದ್ದಪ್ಪ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ಎಣ್ಣೆಯಲ್ಲಿ ಕೋಲು ಅದ್ದಿ ಎತ್ತಿ, ಅದು ಇಳಿಯುವ ರೀತಿ ನೋಡಿಯೇ ಇವತ್ತು ನೊರೆ ಹೇಗೆ ಬರುತ್ತದೆಂದು ಹೇಳುತ್ತಿದ್ದ. ಡಾಬಸ್‌ಪೇಟೆ ಕಡೆಯ ಮಾಗಿಯ ಬೆಳಗಿನಲ್ಲಿ ಎಣ್ಣೆ ಮಂದವಾಗುತ್ತದೆ. ಆಗ ಡ್ರಮ್ಮುಗಳನ್ನು ಉರುಳಿಸಿಕೊಂಡು ಹೋಗಿ ಬಿಸಿಲಿಗೆ ನಿಲ್ಲಿಸುತ್ತಿದ್ದೆವು. ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ ಬಂದಿದ್ದ ನನಗೆ ಮೊದಲ ವರ್ಷ ಅವನ ಕೋಲನ್ನು ಕಂಡರೆ ನಗು. ಎರಡನೇ ವರ್ಷ ನಾನೂ ಒಂದು ಕೋಲು ಇಟ್ಟುಕೊಂಡೆ.

ನನ್ನ ಮೊದಲ ದೊಡ್ಡ ತಪ್ಪನ್ನೂ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ಬಯ್ಯುವ ಹಕ್ಕು ನನಗಿಲ್ಲ. ಸುರಿದ ನೊರೆ ಒಂದು ಹಗಲು ಒಂದು ರಾತ್ರಿ ಸುಮ್ಮನೆ ಆರಬೇಕು. ಒಳಗಿನ ಬಿಸಿ ಇಳಿದ ಮೇಲೆಯೇ ಕೊಯ್ಯಬೇಕು. ಆವತಿಯ ಹತ್ತಿರ ದ್ರಾಕ್ಷಿ ಬೆಳೆಯುವ ಮುನಿಶಾಮಪ್ಪ ಎಂಬವರಿಗೆ ತಣ್ಣನೆಯ ಕೋಣೆ ಬೇಕಾಗಿತ್ತು. ಹಣ್ಣು ಕೊಯ್ಲಿಗೆ ಬಂದಿತ್ತು, ಅವಸರ. ಬೆಳಿಗ್ಗೆ ಸುರಿದ ಫಲಕಗಳನ್ನು ಸಂಜೆಗೇ ಕೊಯ್ಯಲು ನಾನು ಒಪ್ಪಿಗೆ ಕೊಟ್ಟೆ. ಮೇಲಿನವರು ಒತ್ತಾಯ ಮಾಡಿದರು ಎನ್ನಬಹುದು. ಆದರೆ ಬೇಡ ಎನ್ನುವ ಅಧಿಕಾರ ನನಗಿತ್ತು, ನಾನು ಬಳಸಲಿಲ್ಲ. ಒಂದು ವಾರಕ್ಕೆ ಅವರಿಂದ ಕರೆ ಬಂತು. ಹೋಗಿ ನೋಡಿದರೆ ಬಿಸಿಲು ಬೀಳುವ ಕಡೆಯ ಗೋಡೆ ಪೂರ್ತಿ ಹೊರಕ್ಕೆ ಉಬ್ಬಿದೆ. ಮುನಿಶಾಮಪ್ಪ ಅದರ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದರು.

"ಏನಪ್ಪಾ ಇದು, ಗೋಡೆ ಬಸ್ರಿ ಆಗ್ಬಿಟ್ಟೈತಲ್ಲ. ಬಾಣಂತನ ನಿಂದೋ ನಂದೋ?"

ನಮ್ಮ ಫ್ಯಾಕ್ಟರಿ ಮ್ಯಾನೇಜರ್ ವಾಸುದೇವ್ ಅವರು ಬಿಸಿಲಿನ ಮೇಲೆ ತಪ್ಪು ಹೊರಿಸಿ ಕಾಗದ ಬರೆಯಲು ಹೇಳಿದರು. ಈ ವರ್ಷ ಬಿಸಿಲು ವಿಪರೀತ, ಗಿರಾಕಿ ನೆರಳು ಮಾಡಿರಲಿಲ್ಲ, ಇತ್ಯಾದಿ. ಶಾಖ ತಡೆಯುವುದೇ ಕಸುಬಾದವರು ಬಿಸಿಲು ಜಾಸ್ತಿಯಾಯಿತು ಎಂದು ದೂರುವುದನ್ನು ನೀವೇ ಊಹಿಸಿಕೊಳ್ಳಿ. ನಾನು ಬರೆದುಕೊಟ್ಟೆ, ನಾಚಿಕೆಯಿಲ್ಲದೆ. ಆ ಕಾಗದದಿಂದ ನಾನು ಕಲಿತದ್ದು ಒಂದೇ: ಮೊದಲನೇ ಸುಳ್ಳು ಬರೆಯುವಾಗ ಮಾತ್ರ ಕೈ ತಡೆಯುತ್ತದೆ.

ಕೈಕೆಲಸ ಹೋಗಿ ಯಂತ್ರ ಬಂತು. ಬಕೆಟ್ಟಿನ ಬದಲು ಕೊಳವೆ, ಎಣಿಕೆಯ ಬದಲು ಗಡಿಯಾರ. ಸಿದ್ದಪ್ಪ ಕೊಳವೆಯ ತುದಿ ಹಿಡಿಯುವವನಾದ. ನಾನು ಗುಣಮಟ್ಟ ವಿಭಾಗದ ಮುಖ್ಯಸ್ಥನಾದೆ. ಮುಖ್ಯಸ್ಥ ಎಂದರೆ ನಾನು, ಒಂದು ತಕ್ಕಡಿ, ಒಂದು ಗರಗಸ, ಒಂದು ಮೇಜು. ಆ ಮೇಜಿನ ಡ್ರಾಯರಿನಲ್ಲಿದ್ದದ್ದೇ ಈ ಬರಹದ ವಿಷಯ.

ನಾವು ಮಾಡುವ ನೊರೆ ತಾನಾಗಿ ಬೆಂಕಿಗೆ ಸ್ನೇಹಿತ. ಅದಕ್ಕೇ ಎಣ್ಣೆಯಲ್ಲಿ ಬೆಂಕಿ ತಡೆಯುವ ಇನ್ನೊಂದು ದ್ರವ ಬೆರೆಸುತ್ತಾರೆ. ಬೆರೆಸಿದರೆ ಅದೇನು ಕಲ್ಲಾಗುವುದಿಲ್ಲ. ದೊಡ್ಡ ಬೆಂಕಿಗೆ ಅದೂ ಸುಡುತ್ತದೆ. ಆದರೆ ಕಡ್ಡಿ ಗೀರಿದರೆ ಹತ್ತಿಕೊಳ್ಳುವುದಿಲ್ಲ, ಕರಿದಾಗಿ ಆರಿಹೋಗುತ್ತದೆ. ಒಳಗಿರುವವರಿಗೆ ಎದ್ದು ಓಡುವಷ್ಟು ಸಮಯ ಸಿಗುತ್ತದೆ. ಆ ಸಮಯವನ್ನೇ ನಾವು ಮಾರುತ್ತಿದ್ದದ್ದು.

ಗಿರಾಕಿಗಳಿಗೆ ತೋರಿಸಲು ವಾಸುದೇವ್ ಒಂದು ತುಂಡು ಮಾಡಿಸಿದರು. ಮಾಡಿದವನು ನಾನೇ. ಬೆಂಕಿ ತಡೆಯುವ ದ್ರವವನ್ನು ಲೆಕ್ಕಕ್ಕಿಂತ ಎರಡರಷ್ಟು ಬೆರೆಸಿ, ಅರ್ಧ ಇಟ್ಟಿಗೆಯಷ್ಟು ದೊಡ್ಡದಾಗಿ ಕೊಯ್ದೆ. ಬೇರೆ ತುಂಡುಗಳ ಜೊತೆ ಸೇರಿಹೋಗಬಾರದೆಂದು ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಿದೆ. ಗಿರಾಕಿ ಬಂದಾಗ ಡ್ರಾಯರಿನಿಂದ ತೆಗೆಯುವುದು, ಲೈಟರ್ ಹಿಡಿಯುವುದು, ಅದು ಆರುವುದು, ಅವರು ತಲೆದೂಗುವುದು. ಅವರು ಹೋದ ಮೇಲೆ ಕರಿ ಹಿಡಿದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಒಳಗಿಡುವುದು. ಈ ಪದ್ಧತಿ ನಮ್ಮಲ್ಲಿ ಮಾತ್ರ ಇತ್ತೆಂದು ತಿಳಿಯಬೇಡಿ. ಬೇರೆ ಕಡೆಯಿಂದ ನಮ್ಮಲ್ಲಿಗೆ ಬಂದು ಸೇರಿದವರು, ನಿಮ್ಮ ಡ್ರಾಯರ್ ತುಂಡು ಎಲ್ಲಿದೆ ಎಂದು ಸಹಜವಾಗಿಯೇ ಕೇಳುತ್ತಿದ್ದರು, ಕ್ಯಾಂಟೀನು ಎಲ್ಲಿದೆ ಎಂದು ಕೇಳಿದ ಹಾಗೆ.

ನನ್ನ ಮನಸ್ಸಿಗೆ ನಾನು ಹೇಳಿಕೊಳ್ಳುತ್ತಿದ್ದದ್ದು ಇಷ್ಟು: ನಿಜವಾದ ಫಲಕದಲ್ಲೂ ದ್ರವ ಇದೆ, ಸ್ವಲ್ಪ ಕಡಿಮೆ ಇರಬಹುದು, ಇದು ಬರೀ ತೋರಿಕೆಗೆ. ಸ್ವಲ್ಪ ಎನ್ನುವ ಮಾತಿಗೆ ಕೊನೆಯೇ ಇಲ್ಲ. ಪ್ರತಿ ವರ್ಷವೂ ಇನ್ನೂ ಸ್ವಲ್ಪ ಕಡಿಮೆಯಾಗುತ್ತ ಬಂತು.

ದೊಡ್ಡಬಳ್ಳಾಪುರದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಿಂದ ಆರ್ಡರು ಬಂದದ್ದು ಒಂದು ಮಾಗಿಯಲ್ಲಿ. ಅಲ್ಲಿ ಹೊಲಿಗೆಯ ಹೆಣ್ಣುಮಕ್ಕಳ ಕೂಸುಗಳನ್ನು ನೋಡಿಕೊಳ್ಳುವ ಕೂಸಿನ ಮನೆ ಮಹಡಿಯ ಮೇಲೆ, ಬರೀ ತಗಡಿನ ಮಾಡಿನ ಕೆಳಗಿತ್ತು. ಬೇಸಿಗೆಗೆ ಮುಂಚೆ ಮಾಡು ಬದಲಾಯಿಸಬೇಕಿತ್ತು. ಅಳತೆಗೆ ನಾನೂ ಹೋಗಿದ್ದೆ. ಮಕ್ಕಳನ್ನು ನೋಡಿಕೊಳ್ಳುವ ರತ್ನಮ್ಮ ಎಂಬ ಆಯಾ, ಐವತ್ತರ ಹತ್ತಿರದ ಹೆಂಗಸು, ಒಂದು ಮಗುವಿನ ಅಂಗಿ ಎತ್ತಿ ಬೆನ್ನು ತೋರಿಸಿದರು. ಹೋದ ಬೇಸಿಗೆಯ ಬೆವರುಸಾಲೆಯ ಕಲೆಗಳು ಇನ್ನೂ ಹೋಗಿರಲಿಲ್ಲ. ಮ್ಯಾನೇಜರುಗಳು ಯಾರೂ ಕೇಳದ ಪ್ರಶ್ನೆಯನ್ನು ಆಕೆ ಕೇಳಿದರು.

"ಇದು ಉರಿಯುತ್ತಾ ಸಾರ್? ಪಕ್ಕದ ರೂಮ್ನಲ್ಲೇ ನಾನು ಹಾಲು ಕಾಯ್ಸೋದು. ಹದಿನಾಲ್ಕು ಮಕ್ಳವೆ. ಮೆಟ್ಲು ಒಂದೇ."

ನಾನು ಚೀಲದಿಂದ ತುಂಡು ತೆಗೆದೆ. ಲೈಟರ್ ಹಿಡಿದೆ. ಮಕ್ಕಳು ಸುತ್ತ ಕೂತು ನೋಡಿದವು. ಬೆಂಕಿ ಆರಿತು, ಚಪ್ಪಾಳೆ ಬಿತ್ತು. ಒಂದು ಹೆಣ್ಣು ಮಗು ಓರೆ ಮೂಲೆಯನ್ನು ಮುಟ್ಟಿ, "ಇಲ್ಲಿ ಇಲಿ ಕಚ್ಚೈತೆ," ಎಂದಿತು. ಎಲ್ಲರೂ ನಕ್ಕೆವು, ನಾನೂ ನಕ್ಕೆ. ರತ್ನಮ್ಮ, "ಸದ್ಯ, ಈಗ ಧೈರ್ಯ ಬಂತು ಬಿಡಿ," ಎಂದು ನನಗೆ ಟೀ ಕೊಟ್ಟರು. ಆ ಟೀ ಕುಡಿದ ಬಾಯಿ ಇದೇ.

ಆ ಆರ್ಡರಿನ ನೊರೆ ಸುರಿಯುವ ದಿನ ಬೆಳಿಗ್ಗೆ ಸಿದ್ದಪ್ಪ ನನ್ನ ಮೇಜಿನ ಹತ್ತಿರ ಬಂದ. ಅಷ್ಟು ವರ್ಷ ಯಂತ್ರದ ಮುಂದೆ ನಿಂತರೂ ಅವನು ಕೋಲು ಬಿಟ್ಟಿರಲಿಲ್ಲ.

"ಸಾರ್, ಎಣ್ಣೆ ಯಾಕೋ ಮಂದ ಐತೆ."

"ಚಳಿ ಕಣಪ್ಪ. ಡ್ರಮ್ಮು ಬಿಸಿಲಿಗೆ ಇಡು," ಎಂದೆ.

"ಬಿಸ್ಲಿಗೆ ಇಟ್ಟಿದ್ದಾಯ್ತು. ಚಳಿ ಮಂದ ಬೇರೆ, ಇದು ಬೇರೆ. ಒಂದ್ಸಲ ಬಂದು ನೋಡಿ."

ನಾನು ಹೋಗಲಿಲ್ಲ. ಬೆಂಕಿ ತಡೆಯುವ ದ್ರವ ಬೆರೆಸಿದರೆ ಎಣ್ಣೆ ತೆಳುವಾಗುತ್ತದೆ, ಬೆರೆಸದಿದ್ದರೆ ಮಂದವಾಗಿಯೇ ಉಳಿಯುತ್ತದೆ. ಇದು ನನಗೆ ಗೊತ್ತಿತ್ತು. ಸಿದ್ದಪ್ಪನಿಗೆ ಹೇಳಿಕೊಟ್ಟವನೂ ನಾನೇ. ಆದರೂ ಮಾಗಿ ಎಂದ ಮೇಲೆ ಎಣ್ಣೆ ಮಂದ ಇರುತ್ತದೆ ಎಂದು ಕೂತಲ್ಲೇ ತೀರ್ಮಾನ ಮಾಡಿದೆ. ಪರೀಕ್ಷೆಯ ವರದಿಯಲ್ಲಿ ಬೆಂಕಿಯ ಕಾಲಮ್ಮಿಗೆ ಡ್ರಾಯರಿನ ತುಂಡಿನ ಫಲಿತಾಂಶವನ್ನೇ ಬರೆದೆ, ಯಾವಾಗಲೂ ಹಾಗೇ ಬರೆಯುತ್ತಿದ್ದದ್ದು. ಕೆಳಗೆ ಸಹಿ ಮಾಡಿದೆ. ಆ ವಾರ ಆ ದ್ರವದ ಡ್ರಮ್ಮು ಕಾರ್ಖಾನೆಗೆ ಬಂದೇ ಇರಲಿಲ್ಲ. ಅದು ವಾಸುದೇವ್ ಅವರಿಗೆ ಗೊತ್ತಿತ್ತು. ಕಾಯದೆ ಸುರಿಯಲು ಹೇಳಿದ್ದು ಅವರೇ. ಒಬ್ಬರು ಗೊತ್ತಿದ್ದೂ ಹೇಳಲಿಲ್ಲ, ಇನ್ನೊಬ್ಬನಿಗೆ ಎದ್ದು ಹತ್ತು ಹೆಜ್ಜೆ ನಡೆಯಲು ಸೋಮಾರಿತನ. ನಾಲ್ಕನೇ ಕ್ಲಾಸಿನವನೊಬ್ಬನೇ ಅವತ್ತು ತನ್ನ ಕೆಲಸ ಮಾಡಿದ್ದ.

ಮಾಡು ಕೂತಿತು. ಒಂದು ತಿಂಗಳಾಗಿರಬಹುದು, ಮಧ್ಯಾಹ್ನ ಊಟ ಮುಗಿಸಿ ಬರುವಾಗ ಗೇಟಿನಲ್ಲಿ ರತ್ನಮ್ಮ ನಿಂತಿದ್ದರು. ದೊಡ್ಡಬಳ್ಳಾಪುರದಿಂದ ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ಸುಟ್ಟ ಫಲಕದ ಒಂದು ತುಂಡು. ಎರಡು ತಗಡಿನ ನಡುವೆ ನೊರೆ ಇದ್ದ ಜಾಗದಲ್ಲಿ ಕರಿ ಪೊಳ್ಳು. ನಾನು ಅವರನ್ನು ವಾಸುದೇವ್ ಅವರ ಕೋಣೆಗೆ ಕರೆದುಕೊಂಡು ಹೋದೆ.

"ಮಾಡು ಕೂರ್ಸೋರು ಕೊಯ್ದು ಬಿಸಾಕಿದ್ ತುಂಡು ಸಾರ್ ಇದು. ಬಿಸಿ ಪಾತ್ರೆ ಇಡಾಕೆ ಚೆನ್ನಾಗೈತೆ ಅಂತ ಒಲೆ ಪಕ್ಕ ಇಟ್ಕೊಂಡಿದ್ದೆ," ಎಂದರು ರತ್ನಮ್ಮ. "ನಿನ್ನೆ ಹಾಲು ಇಳ್ಸೋವಾಗ ಒಲೆ ಉರಿ ಇದರ ಅಂಚಿಗೆ ತಾಗ್ತು. ಅಷ್ಟೇ. ಬುಗ್ಗಂತ ಹತ್ಕೊಂಡ್ಬಿಡ್ತು. ಹೊಗೆ ಅಂದ್ರೆ ಕಪ್ಪು ಹೊಗೆ, ಕಣ್ಣೇ ಕಾಣ್ಲಿಲ್ಲ. ಬಕೀಟು ನೀರು ಸುರ್ದೆ. ಮಕ್ಳು ಮಲ್ಗಿದ್ವು. ಒಂದೊಂದೇ ಎತ್ಕೊಂಡು ಕೆಳಗೆ ಇಳಿಸ್ದೆ, ಎಷ್ಟು ಸಲ ಮೆಟ್ಲು ಹತ್ತಿದ್ನೋ. ಇವತ್ತು ಅವೇ ಮಕ್ಳು ಅದೇ ಮಾಡಿನ ಕೆಳಗವೆ. ಅಲ್ಲಿ ಮ್ಯಾನೇಜರ್ರು, ಸರ್ಟಿಫಿಕೇಟ್ ಐತೆ ಸುಮ್ನಿರಮ್ಮ ಅಂತಾರೆ."

ವಾಸುದೇವ್ ಆ ತುಂಡನ್ನು ಮುಟ್ಟಲೂ ಇಲ್ಲ. "ಇದು ನಮ್ಮದಲ್ಲಮ್ಮ. ಬೇರೆ ಯಾವುದೋ ಕಂಪನಿ ಪೀಸು ಸೇರ್ಕೊಂಡಿರುತ್ತೆ. ನಮ್ಮದು ಹತ್ಕೊಳ್ಳೋದೇ ಇಲ್ಲ. ಗಂಗಾಧರ್, ತೋರ್ಸಿ," ಎಂದರು.

ನಾನು ಹೋಗಿ ಡ್ರಾಯರಿನ ತುಂಡು ತಂದೆ. ಯಾಕೆ ತಂದೆ ಎಂದು ಈಗಲೂ ನನ್ನ ಮೇಲೆ ಸಿಟ್ಟು ಬರುತ್ತದೆ. ಕಾಲು ಹೋದವು, ಕೈ ತಂದಿತು, ಅಷ್ಟು ವರ್ಷದ ಅಭ್ಯಾಸ. ವಾಸುದೇವ್ ತಾವೇ ಲೈಟರ್ ಹಿಡಿದರು. ಬೆಂಕಿ ಆರಿತು. ರತ್ನಮ್ಮ ಬೆಂಕಿಯನ್ನು ನೋಡಲಿಲ್ಲ, ತುಂಡನ್ನು ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಸಾರ್, ಇದು ಇಲಿ ಕಚ್ಚಿದ್ ತುಂಡಲ್ವಾ? ಅವತ್ತು ನಮ್ ಮಕ್ಳಿಗೆ ತೋರ್ಸಿದ್ದು ಇದೇ ಅಲ್ವಾ? ಅವಾಗಿನ್ನೂ ನಮ್ ಮಾಡು ಮಾಡಿರ್ಲಿಲ್ವಲ್ಲ. ಇದು ನಮ್ ಮಾಡಿಂದು ಹೆಂಗಾಗುತ್ತೆ?"

ಅಷ್ಟು ವರ್ಷದಲ್ಲಿ ಇಂಜಿನಿಯರುಗಳು, ಆರ್ಕಿಟೆಕ್ಟುಗಳು, ಸೂಟು ತೊಟ್ಟ ತಪಾಸಣೆಯವರು, ಎಷ್ಟು ಜನ ಆ ತುಂಡು ನೋಡಿದ್ದರು. ಒಬ್ಬರೂ ಈ ಪ್ರಶ್ನೆ ಕೇಳಿರಲಿಲ್ಲ. ಹಾಲು ಕಾಯಿಸುವ ಹೆಂಗಸು ಕೇಳಿದರು.

"ಅಲ್ಲಮ್ಮ, ಇದು ನಿಮ್ಮ ಮಾಡಿಂದಲ್ಲ," ಎಂದೆ. "ಸುಟ್ಟಿದ್ದೇ ನಿಮ್ಮ ಮಾಡಿಂದು. ಅದು ನಮ್ಮದೇ. ಉರಿಯಲ್ಲ ಅಂತ ಸೈನ್ ಹಾಕಿದ್ದು ನಾನು."

ವಾಸುದೇವ್ ಎದ್ದು ನಿಂತರು. "ಗಂಗಾಧರ್, ನೀವು ಹೊರಗೆ ಹೋಗಿ," ಎಂದರು. ನಾನು ಹೋದೆ, ರತ್ನಮ್ಮನನ್ನೂ ಕರೆದುಕೊಂಡು. ನನ್ನ ಮೇಜಿನಲ್ಲಿ ಕೂತು, ಆ ಫಲಕಗಳಲ್ಲಿ ಬೆಂಕಿ ತಡೆಯುವ ದ್ರವ ಇಲ್ಲ, ಹಿಂದೆ ನಾನು ಕೊಟ್ಟ ವರದಿ ಸುಳ್ಳು, ಮಕ್ಕಳನ್ನು ಈ ಕ್ಷಣ ಕೆಳಗಿಳಿಸಿ ಎಂದು ಕೈಬರಹದಲ್ಲಿ ಬರೆದು ಸಹಿ ಮಾಡಿದೆ. ರತ್ನಮ್ಮನ ಜೊತೆ ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಹೋಗಿ ಅವರ ಮ್ಯಾನೇಜರ ಕೈಗೆ ಕೊಟ್ಟೆ. ಬಸ್ಸಿನಲ್ಲಿ ನಾನು ಕೊಡಲು ಹೋದ ದುಡ್ಡನ್ನು ಪಕ್ಕಕ್ಕೆ ತಳ್ಳಿ ಆಕೆ ತಮ್ಮ ಟಿಕೆಟ್ಟು ತಾವೇ ತೆಗೆದುಕೊಂಡಿದ್ದರು. ಅದು ಸರಿಯಾಗಿಯೇ ಇತ್ತು. ಸಂಜೆ ಹೊತ್ತಿಗೆ ಮಕ್ಕಳು ಕೆಳಗಿನ ಉಗ್ರಾಣಕ್ಕೆ ಬಂದವು.

ಕಂಪನಿ ಮಾಡು ಬದಲಾಯಿಸಿಕೊಟ್ಟಿತು. ಕಾಗದ ಪತ್ರದಲ್ಲಿ ಅದಕ್ಕೆ ಇಟ್ಟ ಹೆಸರು ಗ್ರಾಹಕರಿಗಾಗಿ ಮೇಲ್ದರ್ಜೆಗೇರಿಸುವಿಕೆ. ತಪ್ಪಾಯಿತು ಎಂಬ ಒಂದು ಪದ ಎಲ್ಲೂ ಇಲ್ಲ. ಈ ಸಲ ನೊರೆ ಬೇಡವೆಂದು ಕಲ್ಲನ್ನು ಕರಗಿಸಿ ನೂಲು ತೆಗೆದು ಮಾಡುವ ಕಲ್ಲುಣ್ಣೆಯ ಫಲಕ ಹಾಕಿದರು. ಭಾರ ಜಾಸ್ತಿ, ಕೆಲಸ ಮಾಡುವವರಿಗೆ ಮೈಯೆಲ್ಲ ತುರಿಕೆ, ಆದರೆ ಉರಿಯುವುದಿಲ್ಲ. ಮಕ್ಕಳ ತಲೆಯ ಮೇಲೆ ಮೊದಲೇ ಹಾಕಬೇಕಾಗಿದ್ದದ್ದು ಅದನ್ನು. ಕೂರಿಸುವ ದಿನ ನಾನು ಹೋದೆ. ರತ್ನಮ್ಮ ಮೆಟ್ಟಿಲ ಬಾಯಲ್ಲಿ ಬೆಂಕಿಪೊಟ್ಟಣ ಹಿಡಿದು ನಿಂತಿದ್ದರು.

"ಸೈನು ಗೀನು ಬೇಡ ಸಾರ್. ಮೇಲಕ್ಕೆ ಏರ್ಸೋ ಫಲಕದಿಂದ ತುಂಡು ಕೊಯ್ದು ಕೊಡಿ. ಯಾವುದ್ರಿಂದ ಅಂತ ನಾನು ಹೇಳ್ತೀನಿ."

ಫಲಕಗಳನ್ನು ಕಟ್ಟು ಕಟ್ಟಾಗಿ ಪೇರಿಸಿತ್ತು, ಆಕೆ ಒಂದು ಕಟ್ಟಿನ ನಡುವಿನ ಫಲಕ ತೋರಿಸಿದರು. ಕೊಯ್ದು ಕೊಟ್ಟೆ. ಕಡ್ಡಿ ಗೀರಿದರು, ಹತ್ತಲಿಲ್ಲ. ಮುಗಿಯಿತೆಂದುಕೊಂಡೆ. "ಇನ್ನೊಂದು," ಎಂದರು, ಕೆಳಗಿನ ಕಟ್ಟು ತೋರಿಸುತ್ತ. ಹಾಗೆ ಪ್ರತಿ ಕಟ್ಟಿನಿಂದಲೂ ಒಂದೊಂದು. ಬಿಸಿಲಿನಲ್ಲಿ ಮಂಡಿಯೂರಿ ಗರಗಸ ಎಳೆಯುತ್ತ ನನಗೆ ಬಂದದ್ದು ಸಿಟ್ಟು. ಆಕೆಯ ಮೇಲಲ್ಲ. ಗುಣಮಟ್ಟ ವಿಭಾಗದ ಮುಖ್ಯಸ್ಥ ಎಂದು ನನ್ನ ಮೇಜಿನ ಮೇಲೆ ಬೋರ್ಡು ಇಟ್ಟಿದ್ದರು. ಆ ಕೆಲಸ ಹೇಗೆ ಮಾಡಬೇಕೆಂದು ನನಗೆ ಅವತ್ತು ತಿಳಿಯಿತು, ಅದೂ ಕೆಲಸ ಮುಗಿಯುವ ವಯಸ್ಸಿನಲ್ಲಿ.

ಆಮೇಲೆ ನನ್ನನ್ನು ಲಾರಿ ತುಂಬಿಸುವ ಕಡೆಗೆ ಹಾಕಿದರು. ನಿವೃತ್ತಿಗೆ ಉಳಿದ ಮೂರು ವರ್ಷ ಅಲ್ಲೇ ಕಳೆದೆ. ಅದು ಶಿಕ್ಷೆ ಎಂದು ಅವರು ತಿಳಿದಿದ್ದರು. ಲಾರಿಗೆ ಹೋಗುವ ಪ್ರತಿ ಕಟ್ಟಿನಿಂದ ಒಂದು ತುಂಡು ಕೊಯ್ದು ಸುಟ್ಟು ನೋಡುವ ಅವಕಾಶ ನನಗೆ ಅಲ್ಲೇ ಸಿಕ್ಕಿತು. ಹತ್ತಿಕೊಂಡ ಕಟ್ಟುಗಳನ್ನು ಸಿದ್ದಪ್ಪನೂ ನಾನೂ ಲಾರಿಯಿಂದ ಕೆಳಗಿಳಿಸಿ ಗೇಟಿನ ಮುಂದೆ, ಎಲ್ಲರಿಗೂ ಕಾಣುವ ಹಾಗೆ, ನಿಲ್ಲಿಸುತ್ತಿದ್ದೆವು. ಅದಕ್ಕೆ ಬೈಸಿಕೊಂಡಷ್ಟು ನಾನು ಯಾವ ತಪ್ಪಿಗೂ ಬೈಸಿಕೊಂಡಿಲ್ಲ.

ಈಗ ಕಳೆದ ತಿಂಗಳಿನ ಮಾತು. ಕಾರ್ಖಾನೆಯ ಸಭಾಂಗಣದಲ್ಲಿ ಹೊಸಬರು ಮೂವತ್ತು ಜನ ಕೂತಿದ್ದರು. ನನಗೆ ಹೂಗುಚ್ಛ ಕೊಟ್ಟರು. ನನಗಿಂತ ಮೊದಲು ಮಾರಾಟ ವಿಭಾಗದ ಒಬ್ಬರು ಮಾತಾಡಿ, "ನಮ್ಮ ಪ್ರಾಡಕ್ಟ್ ಎಷ್ಟು ಸೇಫ್ ಅಂತ ನೀವೇ ನೋಡಿ," ಎಂದು ಮೇಜಿನ ಮೇಲಿದ್ದ ಒಂದು ತುಂಡಿಗೆ ಲೈಟರ್ ಹಿಡಿದರು. ಆರಿತು. ಚಪ್ಪಾಳೆ. ಅದು ಸವೆದ ಸೋಪಿನಷ್ಟು ಚಿಕ್ಕದಾಗಿತ್ತು, ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ. ಒಂದು ಮೂಲೆಯನ್ನು ಓರೆಯಾಗಿ ಕತ್ತರಿಸಲಾಗಿತ್ತು.

ನನ್ನ ಕೈಯ ಕೆಲಸ ನನಗೆ ಗುರುತು ಸಿಗದೆ ಇರುತ್ತದೆಯೇ. ಅರ್ಧ ಇಟ್ಟಿಗೆಯಷ್ಟಿದ್ದದ್ದು ಅಷ್ಟು ಸವೆಯಬೇಕಾದರೆ ಇನ್ನೂ ಎಷ್ಟು ಜನಕ್ಕೆ ತೋರಿಸಿರಬೇಕು, ಇನ್ನೂ ಎಷ್ಟು ಮಾಡುಗಳು ಅದರ ಹೆಸರಿನಲ್ಲಿ ಕೂತಿರಬೇಕು. ಮಾತಾಡಲು ಕರೆದಾಗ ನಾನು ಮೈಕಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿದೆ: "ಈ ತುಂಡು ಯಾವ ಫಲಕದಿಂದ ಕೊಯ್ದಿದ್ದು?" ಮಾರಾಟದವರು ಎಚ್‌ಆರ್ ಹೆಣ್ಣುಮಗಳನ್ನು ನೋಡಿದರು. ಅವಳು ನನ್ನನ್ನು ನೋಡಿದಳು. ನಾನು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು, ಹೂಗುಚ್ಛವನ್ನು ಅಲ್ಲೇ ಬಿಟ್ಟು, ಬಸ್ಸು ಹಿಡಿದು ತ್ಯಾಮಗೊಂಡ್ಲಿಗೆ ಬಂದುಬಿಟ್ಟೆ.

ಇದನ್ನು ಬರೆಯುವಾಗ ಅದು ನನ್ನ ಮುಂದೆಯೇ ಇದೆ. ಇದೊಂದನ್ನು ತಂದುಬಿಟ್ಟರೆ ಏನೋ ಸಾಧಿಸಿದೆ ಎಂದು ನಾನು ಅಂದುಕೊಂಡಿಲ್ಲ. ಅವರಿಗೆ ಇನ್ನೊಂದು ಬೇಕಾಗುತ್ತದೆ. ಹೊಸಬರೇ, ಒಂದು ದಿನ ಯಾರೋ ನಿಮ್ಮ ಮೇಜಿನ ಹತ್ತಿರ ಬಂದು, ಬೆಂಕಿ ತಡೆಯುವ ದ್ರವ ಸ್ವಲ್ಪ ಜಾಸ್ತಿ ಹಾಕಿ ಒಂದು ಒಳ್ಳೆಯ ತುಂಡು ಮಾಡಿಕೊಡಿ, ಗಿರಾಕಿಗೆ ತೋರಿಸೋಕೆ, ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ, ಬಹಳ ಸಣ್ಣ ಕೆಲಸ. ನನಗೂ ಹಾಗೇ ಹೇಳಿದ್ದರು.